ಮನೆಯಲ್ಲಿ ನಮ್ಮ ಪಾಲೆಷ್ಟು?

ಮಾನ್ಯ ಸಂಪಾದಕರೇ,

ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಮುಂಬಯಿಯಲ್ಲಿ ಫ್ಲ್ಯಾಟು ಮಾಡಿಕೊಂಡ ನಮ್ಮ ಊರವರಲ್ಲಿ ಕೆಲವರು, ಈಗ ಅದನ್ನೇ ಅಡವಿಟ್ಟು ಪನ್ವೇಲ್ ಕಡೆ ಇನ್ನೊಂದನ್ನು ಕೊಳ್ಳುವ ಮಾತಾಡುತ್ತಿದ್ದಾರೆ. ಅದಕ್ಕೆ ಮೊದಲು, ಮನೆಯ ಇಂದಿನ ಬೆಲೆಯಲ್ಲಿ ಸಾಲದ ಬಾಕಿ ಕಳೆದು ಉಳಿಯುವ ಸ್ವಂತ ಪಾಲೆಷ್ಟೆಂದು ಅವರು ನೋಡಿಕೊಳ್ಳಬೇಕು.

ಈ ಪಾಲು ನಾವೆಣಿಸಿದಷ್ಟು ಬೇಗ ಬೆಳೆಯುವುದಿಲ್ಲ. 50 ಲಕ್ಷ ರೂಪಾಯಿಯನ್ನು ಶೇ. 9ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 45 ಸಾವಿರ. ಮೊದಲ ಕಂತಿನಲ್ಲಿ 37,500 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು ಏಳೂವರೆ ಸಾವಿರ ಮಾತ್ರ. ಐದು ವರ್ಷಗಳಲ್ಲಿ ಸುಮಾರು 27 ಲಕ್ಷ ಕಟ್ಟಿದ ಮೇಲೂ ಅಸಲು ಇಳಿದಿರುವುದು ಆರು ಲಕ್ಷಕ್ಕಿಂತ ಕಡಿಮೆ. (ನನ್ನ ಪಾಸ್‌ಬುಕ್ಕಿನಲ್ಲಿ ಇದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.) ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿರುವುದರಿಂದ, ಬೋನಸ್ಸಿನ ಹಣವನ್ನು ಆರಂಭದ ವರ್ಷಗಳಲ್ಲೇ ಅಸಲಿಗೆ ಕಟ್ಟುವುದು ಲಾಭಕರ.

ಬೆಲೆ ಏರಿದ್ದರಿಂದ ಬಂದ ಪಾಲಾದರೋ ಮಾರುವತನಕ ಕಾಗದದ ಮೇಲಿನದು. ಅದರ ಮೇಲೆ ಎತ್ತಿದ ಸಾಲ ಮಾತ್ರ ನಿಜವಾದದ್ದು. ಎರಡನೆಯ ಮನೆಯ ಬಾಡಿಗೆ ಇಲ್ಲಿ ಸಾಮಾನ್ಯವಾಗಿ ಅದರ ಕಂತನ್ನು ತುಂಬಲಾರದು, ಮುದ್ರಾಂಕ ಶುಲ್ಕ ಬೇರೆ. ಕಂತು ತಪ್ಪಿದರೆ ಸಾಲ ವಸೂಲಿಗೆ ಅಡವಿನ ಆಸ್ತಿಯನ್ನು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿಗೆ ಬರುವುದು ನಾವು ವಾಸವಿರುವ ಮನೆಯೇ.

ತಮ್ಮ ಪತ್ರಿಕೆ ಇಂಥ ಲೆಕ್ಕಗಳನ್ನು ಬಿಡಿಸಿ ತೋರಿಸಿದರೆ ಉಪಕಾರವಾದೀತು.

ಇತಿ,
ಓರ್ವ ಓದುಗ, ಮುಲುಂಡ್, ಮುಂಬಯಿ