ನೀರಿನಲ್ಲಿ ನಿಂತು ದುಡಿಯುವವರನ್ನೂ ನೋಡಿ

ಸಂಪಾದಕರೇ,

ನಾನು ತುಮಕೂರಿನ ಒಂದು ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರಿಗೆ, ಮಂಡಿ ಆಪರೇಷನ್ ಆದವರಿಗೆ ಬೆಚ್ಚಗಿನ ನೀರಿನ ಕೊಳದಲ್ಲಿ ವ್ಯಾಯಾಮ ಮಾಡಿಸುತ್ತೇನೆ. ಸೊಂಟದ ಮಟ್ಟದ ನೀರಿನಲ್ಲಿ ಮೈಭಾರ ಹೆಚ್ಚುಕಡಿಮೆ ಅರ್ಧ ಇಳಿಯುತ್ತದೆ. ಫ್ಲೋರೈಡ್ ನೀರು ಕುಡಿದು ಕೀಲು ಹಿಡಿದುಕೊಂಡ ಪಾವಗಡದ ಕಡೆಯ ಅಜ್ಜಿಯೊಬ್ಬರು, ನೆಲದ ಮೇಲೆ ಹೆಜ್ಜೆ ಇಡಲಾಗದೆ ಅಳುತ್ತಿದ್ದವರು, ನೀರಿನಲ್ಲಿ ನನ್ನ ಕೈ ಹಿಡಿದು ಆ ದಡದವರೆಗೆ ನಡೆದಾಗ ನನಗೂ ಕಣ್ಣು ತುಂಬಿ ಬಂತು. ಈ ಕೆಲಸ ನನಗೆ ತುಂಬಾ ಇಷ್ಟ.

ಆದರೆ ರೋಗಿ ಅರ್ಧ ಗಂಟೆ ಇದ್ದು ಹೋಗುತ್ತಾರೆ, ನಾವು ಒಬ್ಬರಾದ ಮೇಲೆ ಒಬ್ಬರಿಗೆ ಮಾಡಿಸುತ್ತಾ ನಾಲ್ಕೈದು ಗಂಟೆ ಅದೇ ನೀರಿನಲ್ಲಿ ನಿಂತಿರುತ್ತೇವೆ. ನೀರು 33ರಿಂದ 35 ಡಿಗ್ರಿ ಬಿಸಿ ಇರುತ್ತದೆ. ಮೈ ಬೆವರುವುದು ಗೊತ್ತೇ ಆಗುವುದಿಲ್ಲ, ಸಂಜೆಗೆ ತಲೆನೋವು, ಸುಸ್ತು. ಕ್ಲೋರಿನ್ ಬೆವರಿನ ಜೊತೆ ಸೇರಿ ಏಳುವ ಘಾಟು ಮುಚ್ಚಿದ ಕೋಣೆಯಲ್ಲೇ ಸುತ್ತುತ್ತದೆ. ಕಣ್ಣುರಿ, ಕೆಮ್ಮು, ಮೈಯೆಲ್ಲ ತುರಿಕೆ. ಹೇಳಿಕೊಂಡರೆ ‘ನೀರಲ್ಲಿ ಆರಾಮಾಗಿ ಇರ್ತೀರಲ್ವಾ’ ಅನ್ನುತ್ತಾರೆ. ಈ ಮಾತು ಸುಸ್ತಿಗಿಂತ ಜಾಸ್ತಿ ನೋಯಿಸುತ್ತದೆ.

ನಡುನಡುವೆ ಒಣಬಟ್ಟೆ ಹಾಕಿಕೊಂಡು ಕೂರಲು ಬಿಡುವು, ಕುಡಿಯಲು ನೀರು, ಒಳಗಿನ ಗಾಳಿ ಹೊರಹಾಕುವ ಫ್ಯಾನ್, ರೋಗಿ ಜಾರಿದರೆ ಹಿಡಿಯಲು ದಡದಲ್ಲಿ ಇನ್ನೊಬ್ಬರು. ನಾವು ಕೇಳುವುದು ಇಷ್ಟೇ. ನಮ್ಮನ್ನೂ ಒಳಗೊಂಡ ಕೇಂದ್ರ ಸರ್ಕಾರದ ಕಾನೂನು 2021ರಲ್ಲೇ ಬಂದಿದೆ. ಅದರಡಿ ಓದು, ನೋಂದಣಿಯ ನಿಯಮ ಮಾಡುವವರು, ಒಬ್ಬರು ದಿನಕ್ಕೆ ಎಷ್ಟು ಹೊತ್ತು ಕೊಳದಲ್ಲಿ ನಿಲ್ಲಬಹುದು ಅನ್ನುವುದನ್ನೂ ದಯವಿಟ್ಟು ಬರೆದಿಡಲಿ.

– ಒಬ್ಬ ಫಿಸಿಯೋಥೆರಪಿಸ್ಟ್, ತುಮಕೂರು