ಹಡಗಿನ ಗಂಟೆ ಬೇರೆ, ದಡದ ಗಂಟೆ ಬೇರೆ

ಪ್ರೀತಿಯ ಗೆಳೆಯಾ,

ಕೊನೆಗೂ ಕ್ರೂಸ್‌ಗೆ ಟಿಕೆಟ್ ಮಾಡಿಸಿದೆಯಲ್ಲ, ಖುಷಿಯಾಯಿತು. ಏನೇನು ತಗೊಂಡು ಹೋಗಲಿ ಎಂದು ಕೇಳಿದ್ದೀಯ. ಟೋಪಿ, ಸನ್‌ಸ್ಕ್ರೀನು, ವಾಂತಿ ಮಾತ್ರೆ ಇವನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ನಾನು ಒಂದೇ ಒಂದು ಹೇಳುತ್ತೇನೆ: ಕೈಗೊಂದು ಪೆದ್ದು ಗಡಿಯಾರ ಕಟ್ಟಿಕೊಂಡು ಹೋಗು. ಇಂಟರ್ನೆಟ್ಟು, ಜಿಪಿಎಸ್ಸು ಏನೂ ಗೊತ್ತಿಲ್ಲದ, ನೀನೇ ಕೀಲಿ ತಿರುಗಿಸಿದರೆ ಮಾತ್ರ ಮುಳ್ಳು ಜರುಗುವಂಥದ್ದು. ನಗಬೇಡ. ಅದಿಲ್ಲದೆ ನಾನು ಪಟ್ಟ ಪಾಡು ಕೇಳು.

ಜುಲೈ ತಿಂಗಳು. ಮಯಾಮಿಯಿಂದ ಹೊರಟ ಹಡಗು ಮೂರನೇ ದಿನ ಬೆಳಿಗ್ಗೆ ಮೆಕ್ಸಿಕೋದ ಕೊಝುಮೆಲ್ ದ್ವೀಪ ಮುಟ್ಟಿತು. ಇಳಿಯುವ ಬಾಗಿಲ ಪಕ್ಕ ಒಂದು ಬೋರ್ಡು. ಸಂಜೆ 4:30ಕ್ಕೆ ಎಲ್ಲರೂ ಹಡಗಿನಲ್ಲಿರಬೇಕು ಎಂದು ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ ಸಣ್ಣದಾಗಿ ‘ಹಡಗಿನ ಸಮಯ’ ಎಂದು. ದೊಡ್ಡದನ್ನು ಓದಿಕೊಂಡೆ, ಸಣ್ಣದನ್ನು ಬಿಟ್ಟೆ.

ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ಕಾಲು ಚಾಚಿ ಕೂತಿದ್ದೆ. ಫೋನ್ ತೆಗೆದು ನೋಡಿದರೆ 3:10. ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ ಇದೆ ಅಲ್ವಾ, ಇನ್ನೊಂದು ಸಲ ನೀರಿಗಿಳಿಯೋಣ ಅಂದುಕೊಂಡೆ. ಪಕ್ಕದಲ್ಲಿ ಒಬ್ಬ ಅಜ್ಜಿ ಅವಸರವಾಗಿ ಟವೆಲ್ ಕೊಡವಿ ಚೀಲಕ್ಕೆ ತುರುಕುತ್ತಿದ್ದರು. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಹಡಗಿನ ಕಾರ್ಡ್ ನೋಡಿ, ‘ನೀವೂ ಆ ಹಡಗಿನವರೇ ಅಲ್ಲವೇ? ಇನ್ನೂ ಕೂತಿದ್ದೀರಲ್ಲ!’ ಎಂದು ಮಣಿಕಟ್ಟು ಮುಂದೆ ಹಿಡಿದರು. ಹಳೇ ಕಾಲದ ಗಡಿಯಾರ. ಮರಳು ಮೆತ್ತಿದ ಗಾಜಿನ ಕೆಳಗೆ ಮುಳ್ಳು 4:10 ತೋರಿಸುತ್ತಿತ್ತು.

ಎದೆ ಧಸಕ್ ಎಂದಿತು. ಒದ್ದೆ ಬಟ್ಟೆಯಲ್ಲೇ ಇಬ್ಬರೂ ಟ್ಯಾಕ್ಸಿ ಹತ್ತಿದೆವು. ಹಡಗು ಬಂದು ನಿಲ್ಲುವ ಅಲ್ಲಿನ ಕಟ್ಟೆ, ಅಂದರೆ ಪಿಯರ್, ಎಷ್ಟು ಉದ್ದ ಅಂತ ಬೆಳಿಗ್ಗೆ ಗೊತ್ತೇ ಆಗಿರಲಿಲ್ಲ. ಓಡುವಾಗ ಗೊತ್ತಾಯಿತು. ಮೇಲಿನ ಡೆಕ್‌ನಲ್ಲಿ ಕಟಾಂಜನ ಹಿಡಿದು ನಿಂತ ಜನ ಶಿಳ್ಳೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು. ತಡವಾಗಿ ಓಡಿಬರುವವರಿಗೆ ‘ಪಿಯರ್ ರನ್ನರ್ಸ್’ ಅಂತಲೇ ಹೆಸರಿದೆ. ಅವರನ್ನು ನೋಡಲೆಂದೇ ಬೇಗ ಬಂದು ಜಾಗ ಹಿಡಿಯುವವರೂ ಇದ್ದಾರೆ. ಬಾಗಿಲಲ್ಲಿ ಕಾರ್ಡ್ ತೋರಿಸಿದಾಗ ಹಡಗಿನ ಗಡಿಯಾರ 4:34. ಅಜ್ಜಿ ನನಗಿಂತ ಮುಂದಿದ್ದರು, ಅದನ್ನೂ ಹೇಳಿಬಿಡುತ್ತೇನೆ.

ಆದದ್ದು ಇಷ್ಟೇ. ಕೊಝುಮೆಲ್ ಇರುವುದು ಕ್ವಿಂಟಾನಾ ರೂ ಎಂಬ ರಾಜ್ಯದಲ್ಲಿ. 2015ರಿಂದ ಅಲ್ಲಿ ವರ್ಷವಿಡೀ ಒಂದೇ ಸಮಯ, ಯುಟಿಸಿಗಿಂತ (ಲೋಕದ ಗಡಿಯಾರಗಳಿಗೆಲ್ಲ ಅಳತೆಗೋಲಾದ ಸಮಯ ಅದು) ಐದು ಗಂಟೆ ಹಿಂದೆ. ಮಯಾಮಿ ಹಾಗಲ್ಲ. ಚಳಿಗಾಲದಲ್ಲಿ ಐದು ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕು. ನಾನು ಜನವರಿಯಲ್ಲಿ ಹೋಗಿದ್ದರೆ ಎರಡೂ ಕಡೆ ಒಂದೇ ಗಂಟೆ, ಈ ಕಥೆಯೇ ಇರುತ್ತಿರಲಿಲ್ಲ. ಜುಲೈನಲ್ಲಿ ಹಡಗು ಮಯಾಮಿ ಸಮಯವನ್ನೇ ಇಟ್ಟುಕೊಂಡಿತ್ತು, ನನ್ನ ಫೋನು ದಡದ ಟವರ್ ಸಿಕ್ಕ ತಕ್ಷಣ ತನ್ನಷ್ಟಕ್ಕೆ ಒಂದು ಗಂಟೆ ಹಿಂದೆ ಸರಿದಿತ್ತು. ಬುದ್ಧಿವಂತ ಫೋನು ಮಾಡಿದ ಬುದ್ಧಿವಂತಿಕೆ ಅದು.

ಹಡಗು ಯಾಕೆ ದಡದ ಸಮಯಕ್ಕೆ ಬದಲಾಗಲಿಲ್ಲ ಅಂತ ನನಗೂ ಸಿಟ್ಟು ಬಂದಿತ್ತು. ಯೋಚಿಸಿದರೆ ಅವರದ್ದೂ ಸರಿ. ಒಂದು ವಾರದ ಸುತ್ತಿನಲ್ಲಿ ಒಂದೇ ಒಂದು ಬಂದರಿಗಾಗಿ ಗಡಿಯಾರ ಹಿಂದೆ ಮಾಡಿ, ಮಾರನೇ ದಿನ ಮತ್ತೆ ಮುಂದೆ ಮಾಡಿದರೆ ಊಟದ ಸರದಿ, ರಾತ್ರಿ ಕಾರ್ಯಕ್ರಮ, ಸಾವಿರಾರು ಸಿಬ್ಬಂದಿಯ ಪಾಳಿ ಎಲ್ಲ ಅಲ್ಲಾಡುತ್ತದೆ. ಅದಕ್ಕೇ ಹೀಗೆ ಹೋಗಿ ಹೀಗೆ ಬರುವ ಸಣ್ಣ ಪ್ರಯಾಣಗಳಲ್ಲಿ ಎಷ್ಟೋ ಹಡಗುಗಳು ಹೊರಟ ಊರಿನ ಸಮಯವನ್ನೇ ಹೊತ್ತು ತಿರುಗುತ್ತವೆ. ಉದ್ದ ಪ್ರಯಾಣದಲ್ಲಿ ಮಾತ್ರ ದಡಕ್ಕೆ ತಕ್ಕಂತೆ ಬದಲಾಗುತ್ತವೆ. ಎಲ್ಲ ಕಂಪನಿಗೂ ಒಂದೇ ನಿಯಮ ಎಂದೇನಿಲ್ಲ. ಹಡಗಿನಲ್ಲಿ ಗಂಟೆ ಎಷ್ಟು ಎನ್ನುವುದಕ್ಕೆ ಕ್ಯಾಪ್ಟನ್ ಹೇಳಿದ್ದೇ ಕೊನೆಯ ಮಾತು.

ಬದಲಾಯಿಸುವುದೂ ಸಾಮಾನ್ಯವಾಗಿ ರಾತ್ರಿ 2 ಗಂಟೆಗೆ. ಹಿಂದಿನ ಸಂಜೆ ಹಾಸಿಗೆ ಮೇಲೆ ಒಂದು ಚೀಟಿ ಇರುತ್ತದೆ: ಇಂದು ರಾತ್ರಿ ಮಲಗುವ ಮುಂಚೆ ಗಡಿಯಾರ ಒಂದು ಗಂಟೆ ಹಿಂದೆ ಮಾಡಿಕೊಳ್ಳಿ, ಅಥವಾ ಮುಂದೆ. ಪಶ್ಚಿಮಕ್ಕೆ ಹೋಗುವಾಗ ಹಿಂದೆ, ಪೂರ್ವಕ್ಕೆ ಹೋಗುವಾಗ ಮುಂದೆ. ನಮಗೆ ಅದೊಂದು ತಮಾಷೆ. ಕೋಣೆ ನೋಡಿಕೊಳ್ಳುವ ಹುಡುಗನಿಗೆ ಹಾಗಲ್ಲ. ಪೂರ್ವಕ್ಕೆ ಹೋಗುವ ವಾರ ಅವನು ಬೆಳಿಗ್ಗೆ ಸಿಕ್ಕರೆ ಕಣ್ಣು ಕೆಂಪಗೆ. ಕೆಲಸ ಮುಗಿಯುವುದು ಅದೇ ಗಂಟೆಗೆ, ಏಳುವುದೂ ಅದೇ ಗಂಟೆಗೆ, ನಡುವಿನ ನಿದ್ದೆ ಮಾತ್ರ ಒಂದು ಗಂಟೆ ಕಮ್ಮಿ.

ನ್ಯೂಯಾರ್ಕ್‌ನಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಹೋಗುವ ಕ್ವೀನ್ ಮೇರಿ 2 ಹಡಗನ್ನೇ ತಗೋ. ಏಳು ರಾತ್ರಿಯ ದಾರಿ, ಎರಡು ಊರಿಗೂ ಐದು ಗಂಟೆ ವ್ಯತ್ಯಾಸ. ಅಂದರೆ ವಾರದಲ್ಲಿ ಐದು ದಿನ 23 ಗಂಟೆಯದ್ದೇ. ಅಲ್ಲಿ ಒಂದು ಒಳ್ಳೇ ಉಪಾಯ ಮಾಡಿದ್ದಾರೆ. ಗಡಿಯಾರ ಮುಂದೆ ಮಾಡುವುದು ರಾತ್ರಿಯಲ್ಲ, ಮಧ್ಯಾಹ್ನ. 12 ಹೊಡೆಯಿತು ಅಂದರೆ ಅದೇ 1 ಗಂಟೆ. ನಿದ್ದೆ ಉಳಿಯಿತು, ಮಧ್ಯಾಹ್ನದ ಒಂದು ಗಂಟೆ ಹೋಯಿತು. ಸರಕು ಹಡಗುಗಳಲ್ಲಿ ಇನ್ನೊಂದು ಪದ್ಧತಿಯಿದೆ. ಕಾವಲು ಪಾಳಿ ಮೂರು, ತಲಾ ನಾಲ್ಕು ಗಂಟೆಯದ್ದು. ಆ ಒಂದು ಗಂಟೆಯನ್ನು ಇಪ್ಪತ್ತಿಪ್ಪತ್ತು ನಿಮಿಷದಂತೆ ಮೂವರಿಗೂ ಹಂಚಿಬಿಡುತ್ತಾರೆ. ಲಾಭವಿರಲಿ ನಷ್ಟವಿರಲಿ, ಒಬ್ಬನ ತಲೆ ಮೇಲೇ ಬೀಳಬಾರದಲ್ಲ!

ಲೆಕ್ಕದ ಪ್ರಕಾರ ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಗಂಟೆಗೆ 15 ಡಿಗ್ರಿ. ನಡುಸಮುದ್ರದಲ್ಲಿ ಟೈಮ್ ಝೋನ್‌ಗಳು ಹೀಗೇ 15 ಡಿಗ್ರಿಗೊಂದು, ಗೆರೆ ಎಳೆದ ಹಾಗೆ ನೆಟ್ಟಗೆ. ದಡಕ್ಕೆ ಬಂದರೆ ಸರಕಾರಗಳ ಇಷ್ಟ. ಮೆಲ್ಬರ್ನ್‌ನಿಂದ ಅಡಿಲೇಡ್‌ಗೆ ಹೋದರೆ ಅರ್ಧ ಗಂಟೆ ವ್ಯತ್ಯಾಸ. ಗ್ರೀಸ್‌ನಿಂದ ಟರ್ಕಿಗೆ ಬೇಸಿಗೆಯಲ್ಲಿ ಹೋದರೆ ಗಡಿಯಾರ ಮುಟ್ಟಬೇಕಿಲ್ಲ, ಚಳಿಗಾಲದಲ್ಲಿ ಒಂದು ಗಂಟೆ ಮುಂದೆ, ಯಾಕೆಂದರೆ ಟರ್ಕಿ 2016ರಿಂದ ಗಂಟೆ ಬದಲಿಸುವುದನ್ನೇ ಬಿಟ್ಟಿದೆ. ಇಷ್ಟೆಲ್ಲ ಗೊಂದಲದ ನಡುವೆ ಹಡಗು ನಡೆಸುವ ಕೋಣೆಯಲ್ಲಿ ಮಾತ್ರ ಜಿಪಿಎಸ್ಸು, ಅಪಾಯದ ರೇಡಿಯೋ ದಾಖಲೆ ಎಲ್ಲವೂ ಯುಟಿಸಿಯಲ್ಲೇ ಇರುತ್ತವೆ. ಒಂದೇ ಹಡಗು, ಮೂರು ಸಮಯ.

ಪೆಸಿಫಿಕ್ ಸಾಗರ ದಾಟುವವರ ಪಾಡು ಇನ್ನೂ ಚೆನ್ನಾಗಿರುತ್ತದೆ. ಅದರ ನಡುವೆ ತಾರೀಖು ಬದಲಾಗುವ ಗೆರೆಯಿದೆ, ದಿನರೇಖೆ ಅಂತ. ಅದನ್ನು ದಾಟಿ ಪಶ್ಚಿಮಕ್ಕೆ ಹೋದರೆ ಒಂದಿಡೀ ದಿನವೇ ಮಾಯ. ಪೂರ್ವಕ್ಕೆ ಬಂದರೆ ಅದೇ ದಿನ ಎರಡು ಸಲ. ಕೆಲವು ಹಡಗುಗಳ ಲಿಫ್ಟ್‌ನಲ್ಲಿ ವಾರದ ಹೆಸರು ನೇಯ್ದ ಚಾಪೆ ಹಾಸಿ ದಿನಾ ಬದಲಿಸುತ್ತಾರೆ, ಹಡಗಿನಲ್ಲಿ ಇವತ್ತು ಯಾವ ವಾರ ಎಂಬುದೇ ಮರೆತುಹೋಗುತ್ತದೆ ನೋಡು. ಮಂಗಳವಾರ ಎರಡು ಸಲ ಬಂದರೆ ಅವತ್ತು ಚಾಪೆಗೆ ರಜೆ! ಇದು ಹಳೇ ಕಥೆಯೇ. ನಾವಿಕ ಮೆಗೆಲ್ಲನ್ ತಂಡದಲ್ಲಿ ಉಳಿದವರು ಪಶ್ಚಿಮಕ್ಕೇ ಸಾಗಿ ಭೂಮಿ ಸುತ್ತಿ 1522ರ ಜುಲೈನಲ್ಲಿ ಕೇಪ್ ವರ್ಡೆ ದ್ವೀಪ ಮುಟ್ಟಿದಾಗ ಅವರ ಲೆಕ್ಕದಲ್ಲಿ ಬುಧವಾರ, ದಡದವರ ಲೆಕ್ಕದಲ್ಲಿ ಗುರುವಾರ. ದಿನಚರಿ ಬರೆಯುತ್ತಿದ್ದ ಪಿಗಫೆಟ್ಟಾ ಒಂದು ದಿನವೂ ತಪ್ಪಿಸಿರಲಿಲ್ಲ, ಆದರೂ ಒಂದು ದಿನ ಕಮ್ಮಿ. ಪಾಪ, ಎಷ್ಟು ತಲೆ ಕೆರೆದುಕೊಂಡನೋ.

ಇರಲಿ, ನಿನ್ನ ವಿಷಯಕ್ಕೆ ಬರುತ್ತೇನೆ. ಹತ್ತಿದ ದಿನವೇ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ ಝೋನ್ ತಾನಾಗಿ ಬದಲಾಗುವುದನ್ನು ಆಫ್ ಮಾಡು. ಏರೋಪ್ಲೇನ್ ಮೋಡ್ ಹಾಕಿದೆ, ಸಾಕು ಅಂದುಕೊಳ್ಳಬೇಡ. ವೈಫೈ ಸಿಕ್ಕರೆ ಅದು ಮತ್ತೆ ತನ್ನ ಬುದ್ಧಿ ತೋರಿಸಬಹುದು. ಪ್ರತಿ ಬಂದರಿನಲ್ಲೂ ಇಳಿಯುವಾಗ ಬಾಗಿಲ ಹತ್ತಿರದ ಗಡಿಯಾರಕ್ಕೆ ಕೈಗಡಿಯಾರ ಹೊಂದಿಸಿಕೋ. ಹಡಗಿನವರೇ ಏರ್ಪಡಿಸಿದ ಟೂರಿಗೆ ಹೋಗಿ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ. ನಿನ್ನಷ್ಟಕ್ಕೆ ಸುಮ್ನೆ ಸುತ್ತಲು ಹೋಗಿದ್ದರೆ ಕಾಯುವುದಿಲ್ಲ. ನಿನ್ನ ಪಾಸ್‌ಪೋರ್ಟ್ ಕೋಣೆಯ ಲಾಕರಿನಲ್ಲಿ ಸಿಕ್ಕರೆ ತೆಗೆದು ಬಂದರಿನ ಏಜೆಂಟ್ ಕೈಗೆ ಕೊಟ್ಟು ಹೊರಟುಬಿಡುತ್ತಾರೆ. ಮುಂದಿನ ಬಂದರಿಗೆ ನಿನ್ನ ಖರ್ಚಿನಲ್ಲೇ ಹೋಗಿ ಹಡಗು ಹಿಡಿಯಬೇಕು.

ಊರು ಸುತ್ತಿ ಖುಷಿ ಜಾಸ್ತಿಯಾದಾಗ ನನಗೆ ಫೋನ್ ಮಾಡು, ಆದರೆ ನಿನ್ನ ಗಂಟೆ ನೋಡಿ ಮಾಡಬೇಡ, ನನ್ನ ಗಂಟೆ ಲೆಕ್ಕ ಹಾಕಿ ಮಾಡು. ಕೊಝುಮೆಲ್‌ನಿಂದ ತಪ್ಪಿಸಿಕೊಂಡು ಬಂದ ಸಂಭ್ರಮದಲ್ಲಿ ನಾನು ಅಮ್ಮನಿಗೆ ಫೋನ್ ಮಾಡಿದಾಗ ಅಲ್ಲಿ ರಾತ್ರಿ 3 ಗಂಟೆ ದಾಟಿತ್ತು. ಯಾರಿಗೇನಾಯಿತೋ ಎಂದು ಇಡೀ ಮನೆ ಎದ್ದು ಕೂತಿತ್ತು.

ನಿನ್ನ,
ಗೆಳೆಯ

ತಾ.ಕ.: ಗಡಿಯಾರ ಕೊಳ್ಳಲು ಹೋಗಬೇಡ. ಆಮೇಲೆ ನಾನೊಂದು ತಗೊಂಡೆ, ಅದನ್ನೇ ಕಳಿಸುತ್ತೇನೆ. ಎರಡು ನಿಮಿಷ ಮುಂದೆ ಓಡುತ್ತದೆ. ಸರಿ ಮಾಡಿಸಬೇಡ.