ಈ ಸಾಲಿನ ಕಾಫಿ ಮುಗಿಯಿತು, ಕಾದವರಿಗೆಲ್ಲ ಥ್ಯಾಂಕ್ಸ್

ನಮ್ಮ ತೋಟದ ಈ ಸಾಲಿನ ಅರೇಬಿಕಾ ಪೂರ್ತಿ ಖಾಲಿಯಾಯಿತು. ಕೊನೆಯ ಪೊಟ್ಟಣಗಳು ನಿನ್ನೆ ಮುಲುಂಡ್‌ಗೆ ಹೋದವು. ಇಡೀ ಬೆಳೆ ಮುಂಬೈಯಲ್ಲೇ, ನಡುವೆ ಯಾರೂ ಇಲ್ಲದೆ, ಕುಡಿಯುವವರ ಕೈಗೇ ಸೇರಿದ್ದು ಇದೇ ಮೊದಲು. ಅದೂ ಇಂಥ ವರ್ಷದಲ್ಲಿ!

ಚಿಕ್ಕಮಗಳೂರು ಕಡೆ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ಕಾಫಿಗೆ ಮಳೆ ಬೇಕು, ಆದರೆ ಅದು ಮಾರ್ಚ್-ಏಪ್ರಿಲ್‌ನಲ್ಲಿ ಬಿದ್ದು ಗಿಡದಲ್ಲಿ ಹೂ ಅರಳಿಸುವ ಹೂಮಳೆ. ಹಣ್ಣು ಕೆಂಪಾದ ಮೇಲೆ ಸುರಿದರೆ ಗಿಡದಲ್ಲೇ ಸೀಳುತ್ತದೆ, ಉದುರುತ್ತದೆ. ಕಿತ್ತದ್ದು ಕಣದಲ್ಲಿ ಒಣಗದೆ ಬೂಸ್ಟು ಹಿಡಿಯುತ್ತದೆ. ಈ ಸಲ ಅದೇ ಆಯಿತು. ಬಿಸಿಲು ಬಂದರೆ ಹರಡೋದು, ಮೋಡ ಕಂಡರೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸೋದು. ಅಪ್ಪ ರಾತ್ರಿಯೂ ಎದ್ದು ಕಣಕ್ಕೆ ಹೋಗುತ್ತಿದ್ದರು. ತೊಳೆದ ಬೀಜದ ತೇವ ಶೇ. 10-12ಕ್ಕೆ ಇಳಿಯುವ ತನಕ ಮೂಟೆ ಕಟ್ಟುವ ಹಾಗಿಲ್ಲ. ಅವಸರ ಮಾಡಿದರೆ ಲೋಟದಲ್ಲಿ ಮುಗ್ಗಲು ವಾಸನೆ. ಆಮೇಲೆ ಎಷ್ಟು ಚೆನ್ನಾಗಿ ಹುರಿದರೂ ಅದು ಹೋಗಲ್ಲ.

ಅವಸರ ಮಾಡದಿರಲು ಕೈಯಲ್ಲಿ ದುಡ್ಡಿರಬೇಕು, ಅಲ್ವಾ? ಮಳೆಗೆ ನೆನೆದ ಮಾಲು ಅಂತ ಒಬ್ಬ ವ್ಯಾಪಾರಿ ಔಟ್‌ಟರ್ನ್ (ಮಾಲಿನಲ್ಲಿ ಒಳ್ಳೆ ಬೀಜ ಎಷ್ಟು ಸಿಗುತ್ತೆ ಅನ್ನೋ ಲೆಕ್ಕ) ಕೂಡ ನೋಡದೆ ಬೆಲೆ ಇಳಿಸಿದ್ದ. ಕೂಲಿ ಬಾಕಿ ಇತ್ತು. ಆಗ ಡೊಂಬಿವಿಲಿ, ಮಾಟುಂಗಾ, ವಡಾಲಾದ ನೀವುಗಳು ಮುಂಗಡ ಕಳಿಸಿದಿರಿ. ಕಾಫಿ ತಡವಾಗುತ್ತೆ ಅಂದಾಗ ಒಬ್ಬರೂ ವಾಪಸ್ ಕೇಳಲಿಲ್ಲ. ನಿಧಾನವಾಗಿ ಒಣಗಿಸಲು ನಮಗೆ ಧೈರ್ಯ ಬಂದಿದ್ದು ಅದರಿಂದ. ಸ್ಪೆಷಾಲಿಟಿ, ಅಂದರೆ ಮೇಲ್ದರ್ಜೆಯ ಕಾಫಿ ಅನ್ನಿಸಿಕೊಳ್ಳಲು ರುಚಿ ನೋಡುವವರು 100ಕ್ಕೆ 80 ಅಂಕವಾದರೂ ಕೊಡಬೇಕು. ನಮ್ಮದು ದಾಟಿತು.

ಹಣ್ಣು ಕೊಯ್ದ ಹೆಂಗಸರಿಗೆ ಏನು ಹೇಳಿದರೂ ಕಡಿಮೆ. ಒಂದೇ ಗೊಂಚಲಲ್ಲಿ ಕೆಂಪು, ಹಳದಿ, ಹಸಿರು ಎಲ್ಲ ಇರುತ್ತವೆ. ಒಟ್ಟಿಗೆ ಉಜ್ಜಿ ಎಳೆದರೆ ಕೆಲಸ ಬೇಗ. ಇವರು ಜಾರುವ ಇಳಿಜಾರಿನಲ್ಲಿ ನಿಂತು ಕೆಂಪನ್ನಷ್ಟೇ ಆರಿಸಿದರು, ಅದೇ ಗಿಡಕ್ಕೆ ಮತ್ತೆ ಮತ್ತೆ ಬಂದರು. ಕಾಳುಮೆಣಸಿಗೂ ಒಂದು ನಮಸ್ಕಾರ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಗಳಿಂದ ಹೋದ ವರ್ಷ ಎತ್ತಿಟ್ಟಿದ್ದನ್ನು ಮಾರಿ ಅಮ್ಮ ಅರ್ಧ ಕೂಲಿ ತೀರಿಸಿದರು.

ನಮ್ಮಲ್ಲಿ ಜಾಸ್ತಿ ಇರೋದು ಎಸ್.795 ಗಿಡಗಳು, ತಾತ ನೆಟ್ಟದ್ದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ತಳಿ ಅದು. ಕಾಂಡಕೊರಕ ಹುಳುವಿನ ಕಾಟ ತಡೆದು ಅವನ್ನು ಉಳಿಸಿಕೊಂಡವರು ಅಪ್ಪ.

ಮುಂಬೈ ಮಳೆಗಾಲದಲ್ಲಿ ಗೋಣಿಚೀಲದ ಹಸಿ (ಇನ್ನೂ ಹುರಿಯದ) ಬೀಜ ಸುಮ್ನೆ ಇದ್ದಲ್ಲೇ ತೇವ ಎಳೆದುಕೊಳ್ಳುತ್ತದೆ. ಮಾನ್ಸೂನ್ಡ್ ಮಲಬಾರ್ ಅನ್ನೋ ಕಾಫಿಗೆ ಬೇಕಂತಲೇ ಹಾಗೆ ಮಾಡುತ್ತಾರೆ, ನಮಗದು ಬೇಡ. ಗೆಳತಿಯೊಬ್ಬಳು ತನ್ನ ಮನೆಯ ಎಸಿ ಕೋಣೆಯನ್ನೇ ಬಿಟ್ಟುಕೊಟ್ಟಳು. ಡೊಂಬಿವಿಲಿಯ ಮನೆಯಲ್ಲಿ ಒಂದು ಕೋಣೆ ಅಂದರೆ ಎಷ್ಟು ಅಂತ ನಿಮಗೆ ಗೊತ್ತು. ಮಾಟುಂಗಾದ ಹಿರಿಯರೊಬ್ಬರು ತಮ್ಮ ಅಂಗಡಿಯ ಹುರಿಯುವ ಯಂತ್ರವನ್ನು ಭಾನುವಾರ ನಮಗೆ ಕೊಟ್ಟರು, ಬಾಡಿಗೆ ತಗೊಳ್ಳಲಿಲ್ಲ. ಬೆಲೆ ಜಾಸ್ತಿ ಅಂದವರಿಗೂ ಥ್ಯಾಂಕ್ಸ್, ಲೆಕ್ಕ ಕೇಳಿ ಆಮೇಲೆ ಕೊಂಡಿರಿ. ಕಿಲೋ ಹಸಿ ಬೀಜ ಹುರಿದರೆ ಸಿಗೋದು 850 ಗ್ರಾಂ ಆಸುಪಾಸು.

"ಚಿಕೋರಿ ಇಲ್ಲದ್ದೂ ಒಂದು ಕಾಫಿಯಾ?" ಅಂತ ಬೈದ ವಡಾಲಾದ ಅಜ್ಜಿ ಎರಡನೇ ಸಲವೂ ತರಿಸಿಕೊಂಡರು. ಮನೆಯಲ್ಲಿ ಚಿಕೋರಿ ಬೆರೆಸುತ್ತಾರೆ ಅನ್ನೋದು ನನಗೆ ಗೊತ್ತು. ಬೆರೆಸಲಿ.

ಮುಂದಿನ ಸಾಲಿಗೆ ಈಗಲೇ ದುಡ್ಡು ಕಳಿಸಲಾ ಅಂತ ಕೆಲವರು ಕೇಳಿದ್ದೀರಿ. ಈಗ ಬೇಡ. ಕಾಯಿ ಇನ್ನೂ ಹಸಿರಾಗಿದೆ. ಕೊಯ್ಲು ಮುಗಿದು ಎಷ್ಟು ಮೂಟೆ ಅಂತ ಗೊತ್ತಾದ ಮೇಲೆ ನಾನೇ ತಿಳಿಸುತ್ತೇನೆ. ಈ ಸಲ ಕಾದವರ ಹೆಸರು ಪಟ್ಟಿಯಲ್ಲಿ ಮೊದಲಿಗೆ ಇರುತ್ತದೆ.